ವಿಮರ್ಶಕರಿಗೆ ಪುಸ್ತಕ ಕಳಿಸದ ಕಾದಂಬರಿಕಾರ್ತಿ

ನಮ್ಮ ಹಿರಿಯರ ಪೈಕಿ ಇಂಗ್ಲಿಷ್ ಕಾದಂಬರಿಗಳ ಗೀಳು ಹತ್ತಿಸಿಕೊಂಡವರ ಬಾಯಲ್ಲಿ ಒಂದು ಕಾಲಕ್ಕೆ ಆಗಾಗ ಬರುತ್ತಿದ್ದ ಹೆಸರು ಮೇರಿ ಕೊರೆಲಿ. ಆರ್. ಕೆ. ನಾರಾಯಣರು 1974ರಲ್ಲಿ ಪ್ರಕಟವಾದ ತಮ್ಮ ‘ಮೈ ಡೇಸ್’ ಎಂಬ ಆತ್ಮಕಥನದಲ್ಲಿ, ಮೈಸೂರಿನಲ್ಲಿ ಹುಡುಗತನ ಕಳೆದು ತಾರುಣ್ಯಕ್ಕೆ ಕಾಲಿಡುತ್ತಿದ್ದಾಗ ತಾವು ಓದಿದ ಪುಸ್ತಕಗಳನ್ನು ನೆನೆಯುತ್ತ ಈ ಹೆಸರನ್ನೂ ಹೇಳುತ್ತಾರೆ. ಅವರ ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಶಾಲೆಯ ಪುಸ್ತಕಭಂಡಾರ ಮಗನಿಗೆ ಮನೆಯ ಕಪಾಟಿನಂತೆಯೇ ಇತ್ತು. ಸ್ಕಾಟ್, ಡಿಕನ್ಸ್ ಇವರ ಜೊತೆಯಲ್ಲಿಯೇ ಕೊರೆಲಿಯೂ ಅಲ್ಲಿ ಕುಳಿತಿದ್ದಳು. ಇಂಗ್ಲೆಂಡಿನ ಪಂಡಿತರು ಆಕೆಯನ್ನು ಆ ಸಾಲಿನಲ್ಲಿ ಕೂರಿಸಲು ಎಂದೂ ಒಪ್ಪಿರಲಿಲ್ಲ. ಆದರೆ ಸಾವಿರಾರು ಮೈಲಿ ದೂರದ ಓದುಗನಿಗೆ ಆ ಪಂಕ್ತಿಭೇದ ಗೊತ್ತಾಗುವುದು ಹೇಗೆ?

ಆಕೆಯ ಜನಪ್ರಿಯತೆ ಎಂಥದೆಂಬುದಕ್ಕೆ ಒಂದು ಲೆಕ್ಕವನ್ನು ಮಾತ್ರ ಹೇಳುತ್ತೇನೆ. ಹೆಸರು ಉಚ್ಛ್ರಾಯದಲ್ಲಿದ್ದಾಗ ಆಕೆಯ ಕಾದಂಬರಿಗಳು ವರ್ಷಕ್ಕೆ ಸುಮಾರು 1,00,000 ಪ್ರತಿಗಳಂತೆ ಖರ್ಚಾಗುತ್ತಿದ್ದುವೆಂದೂ, ಅದೇ ಕಾಲದಲ್ಲಿ ಎಚ್. ಜಿ. ವೆಲ್ಸ್‌ನ ಪುಸ್ತಕಗಳು ಸುಮಾರು 15,000 ಹೋಗುತ್ತಿದ್ದುವೆಂದೂ ಜೀವನಚರಿತ್ರೆಕಾರರು ಹೇಳುತ್ತಾರೆ. ವಿಕ್ಟೋರಿಯಾ ರಾಣಿ ಆಕೆಯ ಪುಸ್ತಕಗಳನ್ನು ಬೇಕೆಂದು ತರಿಸಿಕೊಂಡಳು. ಮಾಜಿ ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ 1889ರಲ್ಲಿ ತಾನಾಗಿ ಆಕೆಯ ಮನೆಗೆ ಬಂದು ಮಾತನಾಡಿಸಿ ಹೋದ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಆಕೆಗೆ ಆಹ್ವಾನ ಬಂದಿತ್ತು. ಇಷ್ಟೆಲ್ಲ ಇದ್ದವಳು ಬದುಕಿನುದ್ದಕ್ಕೂ ಎರಡು ವಸ್ತುಗಳಿಗೆ ಹೆದರಿದಳು: ಒಂದು ತನ್ನ ಜನ್ಮಪತ್ರಿಕೆ, ಇನ್ನೊಂದು ವಾರಪತ್ರಿಕೆಯ ವಿಮರ್ಶೆ. ಈ ಎರಡು ಭಯಗಳೂ ಒಂದೇ ಬೇರಿನವು ಎಂದು ನನ್ನ ಊಹೆ.

ಆಕೆಯೇ ಹೇಳಿಕೊಂಡ ಕಥೆ ಹೀಗಿದೆ: ಇಟಲಿಯ ವೆನಿಸ್ ಮೂಲದ ರಕ್ತ, ಸಂಗೀತಗಾರ ಕೊರೆಲಿಯ ವಂಶದ ನೆರಳು, ಹಸುಗೂಸಾಗಿದ್ದಾಗಲೇ ಚಾರ್ಲ್ಸ್ ಮೆಕೇ ಎಂಬ ಸ್ಕಾಟಿಷ್ ಕವಿ ದತ್ತು ತೆಗೆದುಕೊಂಡ, ಹುಟ್ಟಿದ್ದು 1864ರಲ್ಲಿ. ಈಗ ಬಹುತೇಕ ಎಲ್ಲರೂ ಒಪ್ಪಿರುವ ಸಂಗತಿ ಬೇರೆ. ಆಕೆಯ ಹೆಸರು ಮೇರಿ ಮೆಕೇ. ಹುಟ್ಟಿದ್ದು 1855ರ ಮೇ 1ರಂದು, ಲಂಡನ್ನಿನಲ್ಲಿ. ಚಾರ್ಲ್ಸ್ ಮೆಕೇ ದತ್ತು ತಂದೆಯಲ್ಲ, ಹೆತ್ತ ತಂದೆಯೇ. ತಾಯಿ ಎಲಿಜಬೆತ್ ಮಿಲ್ಸ್. ಮಗು ಹುಟ್ಟಿದಾಗ ಮೆಕೇಗೆ ಬೇರೆ ಹೆಂಡತಿ ಬದುಕಿದ್ದಳು. ಆಕೆ ತೀರಿಕೊಂಡ ನಂತರ, 1861ರಲ್ಲಿ, ಮೆಕೇ ಮೇರಿಯ ತಾಯಿಯನ್ನು ಮದುವೆಯಾದ. ಆ ಹೊತ್ತಿಗೆ ಮಗುವಿಗೆ ಆರು ವರ್ಷ.

ವಿಕ್ಟೋರಿಯಾ ಯುಗದ ಇಂಗ್ಲೆಂಡಿನಲ್ಲಿ ಇಂಥ ಹುಟ್ಟು ಎಂದರೆ ಏನು ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಲಗೋತ್ರ ವಿಚಾರಿಸದೆ ಎಲೆ ಹಾಕದ ಸಮಾಜ ನಮ್ಮದೊಂದೇ ಅಲ್ಲ. ಆ ಹುಡುಗಿ ದೊಡ್ಡವಳಾಗಿ ಬರೆದ ಕಾದಂಬರಿಗಳ ಜೀವಾಳವೇ ಶೀಲ, ದಾಂಪತ್ಯದ ಪಾವಿತ್ರ್ಯ, ದೈವಭಕ್ತಿ. ಅವನ್ನು ಕೊಂಡು ಓದುವ ಕುಟುಂಬಗಳಿಗೆ ಲೇಖಕಿಯ ಹುಟ್ಟಿನ ಸಂಗತಿ ತಿಳಿದಿದ್ದರೆ ಎಷ್ಟು ಮನೆಗಳ ಬಾಗಿಲು ಮುಚ್ಚುತ್ತಿತ್ತೋ! ಆಕೆ ಒಂಬತ್ತು ವರ್ಷ ವಯಸ್ಸನ್ನು ಕಳೆದುಕೊಂಡದ್ದು ಹೆಣ್ಣಿನ ಒಯ್ಯಾರವೆಂದು ನಕ್ಕವರು ಬಹಳ. ಆದರೆ ಆ ಒಂಬತ್ತು ವರ್ಷವನ್ನು ಅಳಿಸಿದರೆ 1861ರ ಮದುವೆ ಹುಟ್ಟಿಗಿಂತ ಮೊದಲು ಬರುತ್ತದೆ ಎಂಬುದನ್ನು ಅವರು ಗಮನಿಸಿದಂತೆ ಕಾಣೆ.

ತಂದೆಯ ವಿಷಯದಲ್ಲೊಂದು ಮಾತು. ಚಾರ್ಲ್ಸ್ ಮೆಕೇ ಇಂದಿಗೂ ಓದಲ್ಪಡುವುದು 1841ರಲ್ಲಿ ಬರೆದ ಒಂದು ಗ್ರಂಥದಿಂದ. ಜನಸಮೂಹ ಹೇಗೆ ಹುಚ್ಚು ನಂಬಿಕೆಗಳಿಗೆ ಒಳಗಾಗುತ್ತದೆ, ಹಾಲೆಂಡಿನವರು ಟುಲಿಪ್ ಗಡ್ಡೆಗಳಿಗೆ ಹೇಗೆ ಆಸ್ತಿ ಮಾರಿಕೊಂಡರು, ರಸವಾದಿಗಳು ಹೇಗೆ ಊರನ್ನೇ ಮರುಳು ಮಾಡಿದರು ಎಂಬುದೇ ಅದರ ವಿಷಯ. ಅಂಥವನ ಮಗಳು ಲಕ್ಷಾಂತರ ಜನರನ್ನು ಒಂದೇ ಬಾರಿಗೆ ಮರುಳು ಮಾಡಿದಳು. ವಿಧಿಯೂ ಒಮ್ಮೊಮ್ಮೆ ಹಾಸ್ಯ ಮಾಡುತ್ತದೆ.

ಮೇರಿ ಹನ್ನೊಂದನೆಯ ವಯಸ್ಸಿಗೆ ಪ್ಯಾರಿಸ್ಸಿನ ಒಂದು ಕಾನ್ವೆಂಟಿಗೆ ಹೋದಳು, ನಾಲ್ಕು ವರ್ಷ ಕಲಿತು ಬಂದಳು. ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದಳು. ತಾಯಿ ಸತ್ತ ಮೇಲೆ ಮನೆಗೆ ಬರ್ಥಾ ವೈವರ್ ಎಂಬ ಗೆಳತಿ ಬಂದು ಸೇರಿದಳು. ಬಂದವಳು ಕೊನೆಯವರೆಗೂ ಬಿಟ್ಟುಹೋಗಲಿಲ್ಲ. 1883ರಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು. ಸಂಪಾದನೆ ನಿಂತಿತು. ‘ಮೇರಿ ಕೊರೆಲಿ’ ಎಂಬ ಹೆಸರು ಮೊದಲು ಪಿಯಾನೋ ಕಚೇರಿಗಳ ಪ್ರಕಟಣೆಗೆಂದು ಹುಟ್ಟಿದ್ದು. ಆದರೆ ಕಚೇರಿಗಳಿಂದ ಸಂಸಾರ ಸಾಗುವಂತಿರಲಿಲ್ಲ. ಆಕೆ ಕಾದಂಬರಿಗೆ ಕೈಹಾಕಿದಳು.

ಮೊದಲ ಹಸ್ತಪ್ರತಿ ಬೆಂಟ್ಲಿ ಎಂಬ ಪ್ರಕಾಶಕನಿಗೆ ಹೋಯಿತು. ಅವನಲ್ಲಿ ಹಸ್ತಪ್ರತಿ ಓದಿ ಅಭಿಪ್ರಾಯ ಕೊಡುವವರು ‘ಬೇಡ’ ಎಂದರು. ಅವರಲ್ಲೊಬ್ಬ ಹಾಲ್ ಕೇನ್, ಮುಂದೆ ತಾನೂ ಜನಪ್ರಿಯ ಕಾದಂಬರಿಕಾರನಾಗಿ ಈಕೆಗೆ ಪ್ರತಿಸ್ಪರ್ಧಿಯಾದವನು. ಇಷ್ಟು ಒಕ್ಕೊರಲಿನ ತಿರಸ್ಕಾರ ಕಂಡು ಜಾರ್ಜ್ ಬೆಂಟ್ಲಿಗೆ ಕುತೂಹಲ ಹುಟ್ಟಿತು. ತಾನೇ ಓದಿದ, ಅಚ್ಚು ಹಾಕಿದ. ಅದು 1886ರ ‘ಎ ರೊಮಾನ್ಸ್ ಆಫ್ ಟೂ ವರ್ಲ್ಡ್ಸ್’, ಎಂದರೆ ಎರಡು ಲೋಕಗಳ ಕಥೆ. ನರಗಳ ದೌರ್ಬಲ್ಯದಿಂದ ಬಳಲುವ ಒಬ್ಬ ಪಿಯಾನೋ ವಾದಕಿ. ಅವಳನ್ನು ಗುಣಪಡಿಸುವ ಹೀಲಿಯೊಬಾಸ್ ಎಂಬ ಪ್ರಾಚ್ಯ ಯೋಗಿ. ದೇಹ ಬಿಟ್ಟು ಆತ್ಮವು ಗ್ರಹಮಂಡಲಗಳನ್ನು ಸುತ್ತಿಬರುವುದು. ದೇವರು ವಿದ್ಯುಚ್ಛಕ್ತಿಯ ರೂಪದಲ್ಲಿ ವಿಶ್ವವನ್ನು ನಡೆಸುತ್ತಾನೆಂಬ ಸಿದ್ಧಾಂತ. ನಗಬೇಡಿ. ವಿದ್ಯುದ್ದೀಪವನ್ನೇ ಜನ ಬೆರಗಿನಿಂದ ನೋಡುತ್ತಿದ್ದ ದಿನಗಳವು. ಥಿಯಾಸಫಿ ಸಂಘ ಅಡಿಯಾರಿಗೆ ಬಂದು ನೆಲಸಿ ನಾಲ್ಕೇ ವರ್ಷವಾಗಿತ್ತು. ಡಾರ್ವಿನ್ನನ ನಂತರ ಬೈಬಲ್ಲನ್ನು ಹೇಗೆ ನಂಬುವುದೆಂದು ತಿಳಿಯದೆ ಒದ್ದಾಡುತ್ತಿದ್ದ ಸಾಮಾನ್ಯ ಗೃಹಸ್ಥರಿಗೆ ಈ ಪುಸ್ತಕ, ‘ವಿಜ್ಞಾನವೂ ನಿಮ್ಮ ಕಡೆಗೇ ಇದೆ, ಹೆದರಬೇಡಿ’ ಎಂದು ಹೇಳಿತು. ಅಂಥ ಅಭಯಕ್ಕಾಗಿ ಜನ ಕಾಯುತ್ತಿದ್ದರು.

ಅದೇ ವರ್ಷ ‘ವೆಂಡೆಟಾ’ ಬಂತು. 1884ರ ಕಾಲರಾ ಹಾವಳಿಯಲ್ಲಿ ನೇಪಲ್ಸ್ ನಗರದ ಒಬ್ಬ ಶ್ರೀಮಂತ ಸತ್ತನೆಂದು ತಿಳಿದು ಜೀವಂತವಾಗಿ ಸಮಾಧಿ ಮಾಡಿಬಿಡುತ್ತಾರೆ. ಅವನು ಸಮಾಧಿಯಲ್ಲೇ ಎದ್ದು, ಅಲ್ಲಿ ಬಚ್ಚಿಟ್ಟಿದ್ದ ಕಳ್ಳರ ನಿಧಿಯನ್ನು ಕಂಡು, ಮನೆಗೆ ಬಂದರೆ ಹೆಂಡತಿ ಗೆಳೆಯನ ತೋಳಿನಲ್ಲಿದ್ದಾಳೆ. ಮುಂದಿನದು ಸೇಡು. ನಾಟಕ ಕಂಪನಿಗಳ ಕಾಲದಲ್ಲಿ ಬೆಳೆದ ನಮ್ಮ ಪ್ರೇಕ್ಷಕರಿಗೆ ಈ ಕಥೆಯ ನಾಡಿ ಹಿಡಿಯಲು ಒಂದು ನಿಮಿಷವೂ ಬೇಕಿಲ್ಲ. 1887ರ ‘ಥೆಲ್ಮಾ’ ನಾರ್ವೆ ದೇಶದ ಕನ್ಯೆಯೊಬ್ಬಳ ಕಥೆ. ಅದನ್ನೋದಿದ ತಾಯಂದಿರು ಹೆಣ್ಣುಮಕ್ಕಳಿಗೆ ಥೆಲ್ಮಾ ಎಂದು ಹೆಸರಿಡತೊಡಗಿದರು. ‘ವರ್ಮ್‌ವುಡ್’, ‘ಆರ್ಡತ್’ ಮುಂತಾದವನ್ನು ಇಲ್ಲಿ ಹೆಸರಿಸಿ ಬಿಟ್ಟರೆ ಸಾಕು.

1893ರ ‘ಬರಾಬಸ್’ನಿಂದ ಹೋರಾಟ ಶುರುವಾಯಿತು. ಕ್ರಿಸ್ತನ ಶಿಲುಬೆಯ ಕಥೆಯನ್ನೇ ಕಾದಂಬರಿ ಮಾಡಿದ್ದಳು. ಬೆಂಟ್ಲಿ ಹಿಂದೆಗೆದ, ಮೆಥುಯೆನ್ ಕಂಪನಿ ಪ್ರಕಟಿಸಿತು. ವಿಮರ್ಶಕರು ಹರಿದು ತಿಂದರು. ಜನ ಮುಗಿಬಿದ್ದು ಕೊಂಡರು. ಕೊರೆಲಿಗೆ ಇದರಿಂದ ಒಂದು ಪಾಠ ಸಿಕ್ಕಿತು. 1895ರಲ್ಲಿ ‘ದಿ ಸಾರೋಸ್ ಆಫ್ ಸೇಟನ್’, ಎಂದರೆ ಸೈತಾನನ ದುಃಖಗಳು, ಹೊರಬಂದಾಗ ಅದರ ಮೊದಲಲ್ಲೇ ಒಂದು ಪ್ರಕಟಣೆಯಿತ್ತು: ಈ ಪುಸ್ತಕದ ಪ್ರತಿಯನ್ನು ಯಾವ ಪತ್ರಿಕೆಗೂ ವಿಮರ್ಶೆಗೆ ಕಳಿಸುವುದಿಲ್ಲ, ಬೇಕಾದವರು ಉಳಿದ ಜನರಂತೆ ಅಂಗಡಿಯಲ್ಲೋ ಲೈಬ್ರರಿಯಲ್ಲೋ ಪಡೆದುಕೊಳ್ಳಬಹುದು ಎಂದು. ಲೇಖಕನೊಬ್ಬನಿಗೆ ಇಂಥ ಎದೆಗಾರಿಕೆ ಬರುವುದಕ್ಕೆ ಹಿನ್ನೆಲೆಯೊಂದುಂಟು, ಮತ್ತು ಅದು ಕೇವಲ ಆಕೆಯ ಸ್ವಭಾವವಲ್ಲ.

ಅದುವರೆಗೆ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿ ಎಂದರೆ ಮೂರು ಸಂಪುಟ, ಬೆಲೆ 31 ಷಿಲಿಂಗ್ 6 ಪೆನ್ಸ್. ಮಧ್ಯಮ ವರ್ಗದವನು ಅದನ್ನು ಕೊಳ್ಳುವ ಮಾತೇ ಇರಲಿಲ್ಲ. ಚಂದಾ ಕಟ್ಟಿಸಿಕೊಂಡು ಪುಸ್ತಕ ಎರವಲು ಕೊಡುವ ಮ್ಯೂಡಿ, ಸ್ಮಿತ್ ಮುಂತಾದ ದೊಡ್ಡ ಲೈಬ್ರರಿಗಳೇ ಮುಖ್ಯ ಗಿರಾಕಿಗಳು. 1894ರಲ್ಲಿ ಆ ಲೈಬ್ರರಿಗಳು, ಇನ್ನು ಮೇಲೆ ಸಂಪುಟಕ್ಕೆ ನಾಲ್ಕು ಷಿಲಿಂಗಿಗಿಂತ ಹೆಚ್ಚು ಕೊಡುವುದಿಲ್ಲವೆಂದು ತಿಳಿಸಿದುವು. ಮೂರು ಸಂಪುಟಗಳ ಪದ್ಧತಿ ಕೆಲವೇ ವರ್ಷಗಳಲ್ಲಿ ಕುಸಿದುಬಿತ್ತು. ಆರು ಷಿಲಿಂಗಿನ ಒಂದೇ ಸಂಪುಟ ಬಂತು. ಶಾಲೆಯ ಉಪಾಧ್ಯಾಯಿನಿ, ಕಚೇರಿಯ ಗುಮಾಸ್ತ, ಅಂಗಡಿಯ ಹುಡುಗಿ ಮೊದಲ ಬಾರಿಗೆ ತಮ್ಮ ಕೈಯಿಂದ ದುಡ್ಡು ಕೊಟ್ಟು ತಮ್ಮದೇ ಪುಸ್ತಕವೆಂದು ಮನೆಗೆ ತಂದರು. ‘ಸೈತಾನನ ದುಃಖಗಳು’ ಈ ಹೊಸ ವ್ಯಾಪಾರದ ಮೊದಲ ಮಹಾವಿಜಯಗಳಲ್ಲೊಂದು. ಓದುಗನೇ ಕೊಳ್ಳುವವನಾದಾಗ ನಡುವೆ ನಿಂತ ವಿಮರ್ಶಕನ ಹಂಗು ಯಾರಿಗೆ ಬೇಕು?

ಈ ಕಾದಂಬರಿಯನ್ನು ನಾನು ಓದಿದ್ದೇನೆ. ಶೈಲಿ ಬಿಗಿಯಿಲ್ಲದ್ದು, ಒಂದು ವಿಶೇಷಣ ಸಾಕಾದಲ್ಲಿ ಮೂರು, ಪಾತ್ರಗಳು ಮಾತನಾಡುವುದಿಲ್ಲ, ಉಪನ್ಯಾಸ ಮಾಡುತ್ತವೆ. ಆದರೂ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ. ಹಸಿದ ಲೇಖಕ ಜೆಫ್ರಿ ಟೆಂಪೆಸ್ಟ್‌ಗೆ ಇದ್ದಕ್ಕಿದ್ದಂತೆ ಐವತ್ತು ಲಕ್ಷ ಪೌಂಡ್ ಆಸ್ತಿ ಬರುತ್ತದೆ. ಅದೇ ರಾತ್ರಿ ಲೂಸಿಯೊ ಎಂಬ ರಾಜಕುಮಾರನ ಸ್ನೇಹವೂ ಆಗುತ್ತದೆ. ಅವನೇ ಸೈತಾನ. ಈ ಸೈತಾನನ ದುಃಖವೇನೆಂದರೆ, ಮನುಷ್ಯರು ತನ್ನನ್ನು ತಿರಸ್ಕರಿಸಿದಷ್ಟೂ ತಾನು ದೇವರ ಸನಿಹಕ್ಕೆ ಹೋಗಬಹುದು, ಆದರೆ ಯಾರೂ ತಿರಸ್ಕರಿಸುವುದಿಲ್ಲ! ಲಂಡನ್ನಿನ ದೊಡ್ಡ ಮನೆತನಗಳು ಹೆಣ್ಣುಮಕ್ಕಳನ್ನು ಹಣವಂತರಿಗೆ ಹರಾಜು ಹಾಕುವುದನ್ನು ಆಕೆ ಬರೆದಿರುವ ಭಾಗಗಳಲ್ಲಿ ನಿಜವಾದ ಬಿಸಿಯಿದೆ. ಲೇಡಿ ಸಿಬಿಲ್ ತನ್ನನ್ನು ಕೊಂಡವನ ಮುಖಕ್ಕೇ ಆ ಮಾತನ್ನು ಹೇಳುತ್ತಾಳೆ. ಆಂಗ್ಲರ ಆಡಳಿತದಲ್ಲಿದ್ದ ನಮ್ಮ ಹಿರಿಯರಿಗೆ, ಆಂಗ್ಲ ಪ್ರಭುವರ್ಗದ ಒಳಮನೆಯ ಬಣ್ಣವನ್ನು ಆಂಗ್ಲ ಹೆಂಗಸೊಬ್ಬಳೇ ಬಯಲಿಗೆಳೆಯುವುದನ್ನು ಓದುವಾಗ ಒಳಗೊಳಗೆ ಸಂತೋಷವಾಗಿದ್ದರೆ ಆಶ್ಚರ್ಯವೇನು?

ಅದೇ ಪುಸ್ತಕದಲ್ಲಿ ಮೇವಿಸ್ ಕ್ಲೇರ್ ಎಂಬ ಪಾತ್ರವಿದೆ. ಅವಳು ಸುಂದರಿ, ಸುಶೀಲೆ, ಜನ ಮೆಚ್ಚಿದ ಕಾದಂಬರಿಕಾರ್ತಿ. ವಿಮರ್ಶಕರು ಮಾತ್ರ ಮೆಚ್ಚಿಲ್ಲ. ಅವಳು ಪಾರಿವಾಳಗಳನ್ನು ಸಾಕಿ ಅವಕ್ಕೆ ಪತ್ರಿಕೆಗಳ ಹೆಸರಿಟ್ಟಿದ್ದಾಳೆ. ಅಹಂಕಾರವಿಲ್ಲದ ಈ ದೇವಿಯ ಎದುರು ಸೈತಾನನೂ ತಲೆಬಾಗುತ್ತಾನೆ. ಮೇವಿಸ್ ಕ್ಲೇರ್, ಮೇರಿ ಕೊರೆಲಿ: ಎರಡು ಹೆಸರಿನ ಮೊದಲಕ್ಷರಗಳು ಇಂಗ್ಲಿಷಿನಲ್ಲಿ ಒಂದೇ. ಅದು ತಾನಲ್ಲವೆಂದು ಆಕೆ ಹೇಳಿದಳು. ನಂಬಿದವರು ಯಾರೂ ಇಲ್ಲ. ನನಗಂತೂ ಈ ಭಾಗದಲ್ಲಿ ನಗುವಿಗಿಂತ ಕನಿಕರ ಹೆಚ್ಚು ಬಂತು. ಹೊರಗಿನ ಲೋಕ ಕೊಡದ ಪ್ರಶಸ್ತಿಪತ್ರವನ್ನು ಮನುಷ್ಯ ತಾನೇ ಬರೆದುಕೊಳ್ಳುವ ಸ್ಥಿತಿ ಸುಖದ ಸ್ಥಿತಿಯಲ್ಲ. ಮನೆಯೊಳಗೂ ನೆಮ್ಮದಿಯಿರಲಿಲ್ಲ. ಮಲಸಹೋದರ ಎರಿಕ್ ಮೆಕೇ ಕವಿಯೆನಿಸಿಕೊಂಡು ತಂಗಿಯ ದುಡ್ಡಿನಲ್ಲಿ ಬದುಕುತ್ತಿದ್ದವನು, ಅವಳ ಕಾದಂಬರಿಗಳನ್ನು ಬರೆಯುವವನು ತಾನೇ ಎಂದು ಹೊರಗೆ ಹೇಳಿಕೊಂಡು ತಿರುಗಿದನೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಅವನು 1898ರಲ್ಲಿ ಸತ್ತ. ಮರುವರ್ಷ ಆಕೆ ಲಂಡನ್ ಬಿಟ್ಟು, ಬರ್ಥಾಳೊಡನೆ ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿಗೆ ಬಂದು ನೆಲಸಿದಳು.

ಸ್ಟ್ರಾಟ್‌ಫರ್ಡಿನ ಜನಕ್ಕೆ ಇದೊಂದು ತಮಾಷೆಯೂ ತಲೆನೋವೂ ಆಯಿತು. ಪುಟ್ಟ ಕುದುರೆಗಳನ್ನು ಹೂಡಿದ ಪುಟ್ಟ ಗಾಡಿಯಲ್ಲಿ ಆಕೆಯ ಸವಾರಿ. ವೆನಿಸ್ಸಿನಿಂದ ಗೊಂಡೊಲ ದೋಣಿಯೊಂದನ್ನು ತರಿಸಿ, ‘ಕನಸು’ ಎಂಬರ್ಥದ ಹೆಸರಿಟ್ಟು, ಏವನ್ ನದಿಯಲ್ಲಿ ತೇಲಿಸಿದಳು. ಅದರೊಡನೆ ಬಂದ ಇಟಲಿಯ ಅಂಬಿಗ ಕುಡಿದು ಗಲಾಟೆ ಮಾಡಿದ್ದರಿಂದ ಮನೆಯ ತೋಟಗಾರನೇ ಹುಟ್ಟು ಹಿಡಿಯಬೇಕಾಯಿತಂತೆ. 1906ರ ‘ದಿ ಟ್ರೆಷರ್ ಆಫ್ ಹೆವನ್’ ಕಾದಂಬರಿಯಲ್ಲಿ ತನ್ನ ಭಾವಚಿತ್ರವನ್ನು ಅಚ್ಚು ಹಾಕಿಸಿದಳು. ಐವತ್ತು ದಾಟಿದವಳು ಚಿತ್ರದಲ್ಲಿ ತರುಣಿ, ತಿದ್ದಿದವನ ಕೈಚಳಕ. 1907ರಲ್ಲಿ ಮಾರ್ಕ್ ಟ್ವೇನ್ ಆಕ್ಸ್‌ಫರ್ಡಿನ ಗೌರವ ಪದವಿಗೆಂದು ಇಂಗ್ಲೆಂಡಿಗೆ ಬಂದಾಗ ಅವನನ್ನು ಪಟ್ಟುಹಿಡಿದು ಊಟಕ್ಕೆ ಕರೆದಳು. ಎಪ್ಪತ್ತು ದಾಟಿದ ಮುದುಕ ದಣಿದು ಬಂದು, ಆ ದಿನವನ್ನು ಕುರಿತು ತನ್ನ ಆತ್ಮಕಥೆಯಲ್ಲಿ ವಿಷ ಕಾರಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯ. 1900ರಲ್ಲಿ, ಷೇಕ್ಸ್‌ಪಿಯರನ ಸಮಾಧಿಯಿರುವ ಚರ್ಚಿನೊಳಗೆ ಅವನ ಪ್ರತಿಮೆಗೆ ಎದುರಾಗಿ ಹೆಲೆನ್ ಫಾಸಿಟ್ ಎಂಬ ನಟಿಯ ಸ್ಮಾರಕ ನಿಲ್ಲಿಸುವ ಏರ್ಪಾಡು ನಡೆದಿತ್ತು. ಆಕೆಯ ಗಂಡ ದೊಡ್ಡ ಪ್ರಭಾವವುಳ್ಳವನು. ಕೊರೆಲಿ ಪತ್ರಿಕೆಗಳಲ್ಲಿ ಕೂಗೆಬ್ಬಿಸಿ ಅದನ್ನು ತಡೆದಳು. ಎರಡು ವರ್ಷಗಳ ನಂತರ ದೊಡ್ಡ ಜಗಳ ಬಂತು. ಕೋಟ್ಯಧೀಶ ಆಂಡ್ರೂ ಕಾರ್ನೆಗಿಯ ಹಣದಿಂದ ಊರಿಗೊಂದು ಉಚಿತ ಪುಸ್ತಕಭಂಡಾರ ಕಟ್ಟುವುದೆಂದೂ, ಅದಕ್ಕೆ ಹೆನ್ಲಿ ಬೀದಿಯಲ್ಲಿ ಷೇಕ್ಸ್‌ಪಿಯರ್ ಹುಟ್ಟಿದ ಮನೆಯ ಪಕ್ಕದಲ್ಲಿದ್ದ ಹಳೆಯ ಮನೆಗಳನ್ನು ಕೆಡವುವುದೆಂದೂ ಯೋಜನೆಯಾಯಿತು. ಜನ್ಮಗೃಹದ ಟ್ರಸ್ಟಿನವರೇ ಇದರ ಪರ. ಅವರ ವಕ್ತಾರ ಸರ್ ಸಿಡ್ನಿ ಲೀ, ಆಗ ಇನ್ನೂ ಬರಿಯ ಸಿಡ್ನಿ ಲೀ, ಷೇಕ್ಸ್‌ಪಿಯರನ ಪ್ರಮಾಣಭೂತ ಜೀವನಚರಿತ್ರೆಕಾರ, ರಾಷ್ಟ್ರೀಯ ಜೀವನಚರಿತ್ರಕೋಶದ ಸಂಪಾದಕ. ಎದುರಿಗೆ ನಿಂತವಳು ಸೈತಾನನ ಕಥೆ ಬರೆದ ಹೆಂಗಸು. ಪಾಂಡಿತ್ಯ ಯಾವ ಕಡೆ, ವಿವೇಕ ಯಾವ ಕಡೆ ಎಂದು ವಾಚಕರೇ ನೋಡಲಿ.

1903ರಲ್ಲಿ ಆಕೆ ವಿವಾದದ ನಿಜಾಂಶವೆಂದು ಒಂದು ಪುಸ್ತಿಕೆಯನ್ನೇ ಹೊರಡಿಸಿದಳು. ಲೀ ಪ್ರತಿಪುಸ್ತಿಕೆ ಬರೆದ. ಊರಿನ ವ್ಯಾಪಾರಿಯೊಬ್ಬ, ಆ ಜಾಗವನ್ನು ತಾನೇ ಕೊಂಡು ಪುಸ್ತಕಭಂಡಾರ ಕಟ್ಟಿಸಿ ಹೆಸರು ಪಡೆಯಬೇಕೆಂದು ಈಕೆಗೆ ಆಸೆಯಿತ್ತು, ಅದು ಕೈಗೂಡದ ಹೊಟ್ಟೆಕಿಚ್ಚು ಇದು ಎಂಬರ್ಥದಲ್ಲಿ ಸ್ಥಳೀಯ ಪತ್ರಿಕೆಗೆ ಬರೆದ. ಆಕೆ ಮಾನನಷ್ಟದ ಮೊಕದ್ದಮೆ ಹೂಡಿದಳು, ಗೆದ್ದಳು. ನ್ಯಾಯಾಲಯ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ನಮ್ಮಲ್ಲಿ ಕವಡೆ ಕಾಸು ಎನ್ನುತ್ತೇವಲ್ಲ, ಅದು. ಊರು ನಕ್ಕಿತು. ಆದರೆ ಈ ಗದ್ದಲದಿಂದಾಗಿ ಯೋಜನೆ ಬದಲಾಯಿತು. ಪುಸ್ತಕಭಂಡಾರ 1905ರಲ್ಲಿ ತೆರೆದಾಗ ಅದು ಹೊಸ ಕಟ್ಟಡವಾಗಿರಲಿಲ್ಲ. ಹೆನ್ಲಿ ಬೀದಿಯ ಹಳೆಯ ಮರದ ಚೌಕಟ್ಟಿನ ಮನೆಯನ್ನೇ ದುರಸ್ತಿ ಮಾಡಿ ಅದರಲ್ಲಿ ಪುಸ್ತಕಗಳನ್ನಿಟ್ಟಿದ್ದರು.

ಅಲ್ಲಿಗೆ ನಿಲ್ಲಲಿಲ್ಲ. ಗಾರೆ ಬಳಿದು ಮುಚ್ಚಿದ್ದ ಹಳೆಯ ಮನೆಗಳ ಮುಂಭಾಗವನ್ನು ಕೆರೆಸಿ ಒಳಗಿನ ಮರದ ಕೆಲಸವನ್ನು ಕಾಣಿಸಿರೆಂದು ಮಾಲೀಕರ ಬೆನ್ನು ಹತ್ತಿದಳು. ಹೈ ಸ್ಟ್ರೀಟಿನಲ್ಲಿ 1596ರಲ್ಲಿ ಕಟ್ಟಿದ ಒಂದು ಮನೆಯಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೆಸರು ಬಂದದ್ದು ಯಾವ ಜಾನ್ ಹಾರ್ವರ್ಡನಿಂದಲೋ ಅವನ ತಾಯಿಯ ತವರುಮನೆ ಅದು. ಷಿಕಾಗೋದ ಶ್ರೀಮಂತ ಎಡ್ವರ್ಡ್ ಮಾರಿಸ್‌ನನ್ನು ಆಕೆ ಒಪ್ಪಿಸಿ, ಅದನ್ನು ಕೊಳ್ಳಿಸಿ, ಜೀರ್ಣೋದ್ಧಾರ ಮಾಡಿಸಿದಳು. 1909ರಲ್ಲಿ ಅದು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಇಂದು ಆ ಊರಿಗೆ ಹೋಗುವ ಪ್ರವಾಸಿಗಳು ‘ಷೇಕ್ಸ್‌ಪಿಯರನ ಕಾಲದ ಬೀದಿ’ ಎಂದು ಬೆರಗಾಗುವ ನೋಟದಲ್ಲಿ ಈ ಜಗಳಗಂಟಿಯ ಪಾಲು ಸಣ್ಣದಲ್ಲ.

ವಿರೋಧಾಭಾಸಗಳಿಗೆ ಕೊರತೆಯಿಲ್ಲ. ಮದುವೆಯಾಗದೆ, ಸ್ವಂತ ದುಡಿಮೆಯಲ್ಲಿ ತಂದೆಯನ್ನೂ ಸಹೋದರನನ್ನೂ ಸಾಕಿ, ಸ್ವಂತ ಮನೆ ಮಾಡಿಕೊಂಡು, ಗಂಡಸರ ಎದುರು ನ್ಯಾಯಾಲಯದಲ್ಲಿ ನಿಂತವಳು, ಹೆಂಗಸರಿಗೆ ಮತದಾನದ ಹಕ್ಕು ಬೇಡವೆಂದು 1907ರಲ್ಲಿ ಪುಸ್ತಿಕೆ ಬರೆದಳು. ತನಗೆ ದಕ್ಕಿದ್ದು ಇನ್ನೊಬ್ಬ ಹೆಂಗಸಿಗೆ ಹಕ್ಕಾಗಿ ಸಿಗಲಿ ಎಂದು ಆಕೆಗೆ ಅನಿಸಲಿಲ್ಲವೇಕೆ? ನನಗೆ ತೋರುವಂತೆ, ಗೌರವಸ್ಥರ ಪಂಕ್ತಿಯಲ್ಲಿ ತನ್ನ ಎಲೆ ಯಾವ ಕ್ಷಣವಾದರೂ ಎತ್ತಿ ಹೋಗಬಹುದೆಂಬ ಅಳುಕಿದ್ದವರು ಆ ಪಂಕ್ತಿಯ ನಿಯಮಗಳನ್ನು ಉಳಿದವರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ಐವತ್ತರ ಮೇಲೆ ಆರ್ಥರ್ ಸೆವರ್ನ್ ಎಂಬ ವಿವಾಹಿತ ಚಿತ್ರಕಾರನ ಮೇಲೆ ಮನಸ್ಸಾಯಿತು. ಅವನು ನಗುತ್ತ ದೂರವಿಟ್ಟ. ಆ ನೋವನ್ನು ಬರೆದಿಟ್ಟದ್ದು ಆಕೆ ಸತ್ತ ಮೇಲೆ, 1925ರಲ್ಲಿ, ‘ಓಪನ್ ಕನ್ಫೆಷನ್’ ಎಂಬ ಹೆಸರಿನಲ್ಲಿ ಬಂತು. ಆಕೆಯ ಪುಸ್ತಕಗಳಲ್ಲಿ ಹುಸಿಯಿಲ್ಲದ್ದು ಇದೊಂದೇ ಎಂದು ನನಗೆ ಅನ್ನಿಸಿದೆ.

ಮೊದಲನೆಯ ಮಹಾಯುದ್ಧ ಆಕೆಯ ಓದುಗರನ್ನು ಚೆದರಿಸಿತು. ಕಂದಕಗಳಿಂದ ಮರಳಿದವರಿಗೆ ಹೀಲಿಯೊಬಾಸನ ಗ್ರಹಯಾತ್ರೆ ರುಚಿಸಲಿಲ್ಲ. 1918ರ ಆರಂಭದಲ್ಲಿ, ಪಡಿತರದ ಅಭಾವದ ದಿನಗಳಲ್ಲಿ ಸಕ್ಕರೆ ಕೂಡಿಟ್ಟಿದ್ದಳೆಂದು ಅದೇ ಊರಿನ ನ್ಯಾಯಾಲಯ 50 ಪೌಂಡ್ ದಂಡ ಹಾಕಿತು. ಹಣ್ಣಿನ ಜಾಮ್ ಮಾಡಲು ತಂದದ್ದೆಂದು ಆಕೆ ಹೇಳಿದಳು. ಹಳೆಯ ಲೆಕ್ಕ ತೀರಿಸಿಕೊಂಡಂತೆ ಪತ್ರಿಕೆಗಳು ಇದನ್ನು ದೊಡ್ಡದು ಮಾಡಿದುವು. ‘ದಿ ಸೀಕ್ರೆಟ್ ಪವರ್’ 1921ರಲ್ಲಿ ಬಂತು. 1924ರ ಏಪ್ರಿಲ್ 21ರಂದು ತನ್ನ ಮನೆಯಲ್ಲೇ ತೀರಿಕೊಂಡಳು. ಎರಡು ವರ್ಷಗಳ ಮೇಲೆ ಡಿ. ಡಬ್ಲ್ಯು. ಗ್ರಿಫಿತ್ ‘ಸೈತಾನನ ದುಃಖಗಳು’ ಕಥೆಯನ್ನು ಮೂಕಿಚಿತ್ರ ಮಾಡಿದ. ಆಸ್ತಿಯೆಲ್ಲ ಬರ್ಥಾಳ ಪಾಲಿಗೆ ಬಂದಿತ್ತು. 1930ರಲ್ಲಿ ಅವಳು ಗೆಳತಿಯ ನೆನಪುಗಳನ್ನು ಪ್ರಕಟಿಸಿದಳು, 1941ರಲ್ಲಿ ತೀರಿಕೊಂಡು ಅದೇ ಸಮಾಧಿ ಸೇರಿದಳು. 1943ರಲ್ಲಿ ಮನೆಯ ಸಾಮಾನುಗಳು ಹರಾಜಾದುವು.

ಮೇಸನ್ ಕ್ರಾಫ್ಟ್ ಎಂಬ ಆ ಮನೆ 1951ರಿಂದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಷೇಕ್ಸ್‌ಪಿಯರ್ ಅಧ್ಯಯನ ಸಂಸ್ಥೆಯಾಗಿದೆ. ಕೊರೆಲಿ ಕಟ್ಟಿಸಿದ ಸಂಗೀತದ ಹಜಾರದಲ್ಲಿ ವಿದ್ವಾಂಸರು ಸೇರುತ್ತಾರೆ, ಪಾಠಾಂತರಗಳನ್ನು ಚರ್ಚಿಸುತ್ತಾರೆ. ಅವರ ನಡುವೆ ‘ಥೆಲ್ಮಾ’ ಓದಿದವರು ಎಷ್ಟು ಮಂದಿ ಇದ್ದಾರೋ. ಆ ಹಜಾರದ ಅಗ್ಗಿಷ್ಟಿಕೆಯ ಮೇಲೆ ‘ಪ್ರೀತಿ ಗೆಲ್ಲುತ್ತದೆ’ ಎಂಬರ್ಥದ ಲ್ಯಾಟಿನ್ ಮಾತಿನ ಜೊತೆ ಎರಡು ಹೆಸರುಗಳ ಮೊದಲಕ್ಷರಗಳನ್ನು ಹೆಣೆದು ಕೆತ್ತಲಾಗಿದೆ: ಒಂದು ಬರ್ಥಾಳದು, ನಿಜವಾದ ಹೆಸರು, ಇನ್ನೊಂದು ಆಕೆ ತಾನೇ ಇಟ್ಟುಕೊಂಡದ್ದು.